ಡೊಂಬಿವಲಿಯ ಭಾನುವಾರದ ಸಿಎಸ್‌ಎಸ್ ತರಗತಿ: ಹತ್ತು ವಾರಗಳ ಲೆಕ್ಕ

ಮುಂಬಯಿ ಕಡೆಯ ಡೊಂಬಿವಲಿ ಪೂರ್ವದಲ್ಲಿ ರೈಲು ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಒಂದು ಕಂಪ್ಯೂಟರ್ ತರಗತಿಯಲ್ಲಿ ಹತ್ತು ಭಾನುವಾರ ಕುಳಿತು, ವೆಬ್ ಪುಟಗಳಿಗೆ ವಿನ್ಯಾಸ ಕೊಡುವ ಸಿಎಸ್‌ಎಸ್ ಕಲಿತು ಬಂದಿದ್ದೇನೆ. ಶುಲ್ಕ 8,000 ರೂಪಾಯಿ. ವೇಳೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ. ಮುಂದೆ ಕೆಲವು ದೂರುಗಳನ್ನೂ ಬರೆಯಲಿರುವುದರಿಂದ ತರಗತಿಯ ಹೆಸರನ್ನು ಹೇಳುವುದಿಲ್ಲ. ಥಾಣೆಯಿಂದ ಕಲ್ಯಾಣದವರೆಗೆ ಇಂಥ ತರಗತಿಗಳು ಬೇಕಾದಷ್ಟಿವೆ, ನಾನು ವಿಚಾರಿಸಿದ ನಾಲ್ಕೈದು ಕಡೆ ಪಾಠಪಟ್ಟಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಹೀಗಾಗಿ ಬೇರೆ ಫಲಕದ ಕೆಳಗೆ ಹಣ ಕಟ್ಟಲು ನಿಂತವರಿಗೂ ಈ ಬರಹ ಉಪಯೋಗಕ್ಕೆ ಬಂದೀತು.

ನಾನು ಲೆಕ್ಕಪತ್ರದವನು. ಮಸೀದಿ ಬಂದರಿನ ಸಾಗಾಣಿಕೆ ಕಚೇರಿಯೊಂದರಲ್ಲಿ ದಿನವಿಡೀ ಟ್ಯಾಲಿಯ ಮುಂದೆ ಕೂರುವವನಿಗೆ ವೆಬ್ ಪುಟದ ಉಸಾಬರಿ ಯಾಕೆ ಬಂತೆಂದರೆ, ನನ್ನ ಭಾವ ಭಾಂಡುಪ್‌ನಲ್ಲಿ ಒಂದು ಉಡುಪಿ ಹೋಟೆಲು ನಡೆಸುತ್ತಾರೆ ಮತ್ತು ಅವರ ಮೆನು ಕಾರ್ಡು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಓಡಾಡುತ್ತದೆ. ಎಣ್ಣೆಯ ಬೆಲೆ ಏರಿದಾಗಲೆಲ್ಲ ಕಾರ್ಡಿನ ಮೇಲೆ ಸ್ಟಿಕ್ಕರ್ ಅಂಟಿಸಿ ಮತ್ತೆ ಫೋಟೋ ತೆಗೆಯಬೇಕು. ಹಳೆಯ ಫೋಟೋ ಇಟ್ಟುಕೊಂಡ ಗಿರಾಕಿ ಗಲ್ಲೆಯ ಮುಂದೆ ಜಗಳಕ್ಕೆ ನಿಲ್ಲುತ್ತಾನೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಓದಬಹುದಾದ, ಫೋನಿನಲ್ಲಿ ಸರಿಯಾಗಿ ಕಾಣುವ, ಬೆಲೆಯನ್ನು ಒಂದೇ ಕಡೆ ತಿದ್ದಬಹುದಾದ ಒಂದು ಪುಟ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಪುಟದ ಸರಕನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಅಲ್ಪಸ್ವಲ್ಪ ಗೊತ್ತಿತ್ತು. ಸಿಎಸ್‌ಎಸ್ ಎಂದರೆ ಬಣ್ಣ ಬಳಿಯುವ ಕೆಲಸ, ಎರಡು ವಾರದಲ್ಲಿ ಮುಗಿಯುತ್ತದೆ ಎಂದು ಆಗ ನಾನು ತಿಳಿದಿದ್ದೆ. ತರಗತಿಯ ಬೆಲೆ ಕಟ್ಟಲು ನಾನು ಬಳಸಿದ ಅಳತೆಗೋಲು ಇದೇ ಪುಟ: ಅಲ್ಲಿ ಕಲಿತದ್ದರಿಂದ ಈ ಪುಟ ಆಯಿತೇ, ಎಷ್ಟು ಆಯಿತು, ಉಳಿದದ್ದು ಎಲ್ಲಿಂದ ಬಂತು.

ಮೊದಲು ಮೆಚ್ಚುಗೆಯ ಮಾತು. ಮೊದಲ ಎರಡು ಭಾನುವಾರಗಳಲ್ಲಿ ಸರ್ ನಮಗೆ ಒಂದೇ ಒಂದು ಹೊಸ ಪುಟವನ್ನೂ ಬರೆಸಲಿಲ್ಲ. ಅವರು ಬರೆದಿಟ್ಟ ಒಂದು ಕೆಟ್ಟ ಪುಟವನ್ನು ತೆರೆಸಿ, ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿಸಿ, ಬ್ರೌಸರ್ ಯಾವ ನಿಯಮವನ್ನು ಒಪ್ಪಿದೆ, ಯಾವುದನ್ನು ಅಡ್ಡಗೆರೆ ಎಳೆದು ಬದಿಗಿಟ್ಟಿದೆ ಎಂದು ಓದಿಸಿದರು. ಪಕ್ಕದಲ್ಲಿ ಕುಳಿತ ಹುಡುಗರು ಬೇಸರದಿಂದ ಮೊಬೈಲು ತೆಗೆದರು. ನನಗೆ ಮಾತ್ರ ಅದು ಲೆಡ್ಜರ್ ತೆರೆದಂತೆ ಕಂಡಿತು. ಟ್ಯಾಲಿಯಲ್ಲಿ ಡೆಬಿಟ್ಟು ಕ್ರೆಡಿಟ್ಟು ತಾಳೆಯಾಗದಿದ್ದರೆ ಯಂತ್ರವೇ ತಡೆದು ನಿಲ್ಲಿಸುತ್ತದೆ. ಸಿಎಸ್‌ಎಸ್‌ನಲ್ಲಿ ಯಾರೂ ತಡೆಯುವುದಿಲ್ಲ. ಒಂದು ಸಾಲಿನ ಕೊನೆಯ ಸೆಮಿಕೋಲನ್ ಬಿಟ್ಟರೆ ಆ ಸಾಲೂ ಅದರ ಮುಂದಿನ ಸಾಲೂ ಒಂದೇ ಆಗಿ ಓದಿಸಿಕೊಂಡು, ಎರಡೂ ಬಿದ್ದುಹೋಗುತ್ತವೆ. ಪುಟ ಮಾತ್ರ ಏನೂ ಆಗದಂತೆ ತೆರೆದುಕೊಳ್ಳುತ್ತದೆ. ತಪ್ಪಾಯಿತೆಂದು ಹೇಳದ ಭಾಷೆಯಲ್ಲಿ ತಪ್ಪು ಹುಡುಕುವುದನ್ನು ಮೊದಲು ಕಲಿಸಿದ್ದು ಬಹಳ ಸರಿಯಾದ ಕ್ರಮ. ಮುಂದೆ ನಾನು ಮನೆಯಲ್ಲಿ ರಾತ್ರಿ ಒಬ್ಬನೇ ಕುಳಿತು ಮಾಡಿದ ಕೆಲಸವೆಲ್ಲ ಈ ಎರಡು ಭಾನುವಾರಗಳ ಬಲದ ಮೇಲೆ ನಡೆಯಿತು.

ಅವರು ಕಲಿಸಿದ ಇನ್ನೊಂದು ಅಭ್ಯಾಸ, ಪುಟದ ಪ್ರತಿಯೊಂದು ಘಟಕಕ್ಕೂ ಒಂದು ಪಿಕ್ಸೆಲ್‌ನ ಕೆಂಪು ಔಟ್‌ಲೈನ್ ಹಾಕಿ ನೋಡುವುದು. ಬಾರ್ಡರ್ ಹಾಕಿದರೆ ಅದು ತಾನೂ ಒಂದಿಷ್ಟು ಜಾಗ ತಿಂದು ವಿನ್ಯಾಸವನ್ನು ಕದಲಿಸುತ್ತದೆ, ಔಟ್‌ಲೈನ್ ಜಾಗ ತಿನ್ನುವುದಿಲ್ಲ. ಹಾಗೆ ನೋಡಿದಾಗ ಪುಟವೆಂದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಎಂಬುದು ಕಣ್ಣಿಗೇ ಕಾಣುತ್ತದೆ. ಅದೇ ದಿನ ಬೋರ್ಡಿನ ಮೇಲೆ ಲೆಕ್ಕ ಹಾಕಿಸಿದರು: ಅಗಲ 300 ಪಿಕ್ಸೆಲ್ ಎಂದು ಬರೆದಿದ್ದೇವೆ, ಒಳಗಿನ ಪ್ಯಾಡಿಂಗ್ ಎಡಕ್ಕೆ 20, ಬಲಕ್ಕೆ 20, ಬಾರ್ಡರ್ ಎರಡೂ ಬದಿಗೆ ಒಂದೊಂದು, ಹಾಗಾದರೆ ಪರದೆಯ ಮೇಲೆ ಪೆಟ್ಟಿಗೆಯ ಅಗಲವೆಷ್ಟು? ನಾವೆಲ್ಲ 300 ಎಂದೆವು. ಬ್ರೌಸರ್ 342 ಎಂದಿತು. ಏನೂ ಹೇಳದಿದ್ದರೆ ಸಿಎಸ್‌ಎಸ್ ಅಗಲ ಎಂಬ ಪದವನ್ನು ಒಳಗಿನ ಸರಕಿನ ಅಗಲ ಎಂದೇ ಓದುತ್ತದೆ, ಕಟ್ಟಿದ ಮೂಟೆಯ ಅಗಲ ಎಂದಲ್ಲ. ನಮ್ಮ ಸಾಗಾಣಿಕೆಯ ಭಾಷೆಯಲ್ಲಿ ಹೇಳುವುದಾದರೆ ಅದು ನೆಟ್ ತೂಕ, ಲಾರಿಗೆ ಬೇಕಾದದ್ದು ಗ್ರಾಸ್. ಬಾಕ್ಸ್-ಸೈಜಿಂಗ್ ಎಂಬ ಗುಣಕ್ಕೆ ಬಾರ್ಡರ್-ಬಾಕ್ಸ್ ಎಂದು ಕೊಟ್ಟ ಮೇಲೆಯೇ 300 ಎಂದರೆ 300 ಆಗುತ್ತದೆ. ಅಕ್ಕಪಕ್ಕ ಐವತ್ತು ಐವತ್ತು ಶೇಕಡಾ ಕೊಟ್ಟರೂ ಎರಡನೆಯ ಪೆಟ್ಟಿಗೆ ಕೆಳಗೆ ಯಾಕೆ ಜಾರುತ್ತದೆಂದು ಅದಕ್ಕೂ ಮೊದಲು ನಾನು ಮೂರು ರಾತ್ರಿ ತಲೆ ಕೆಡಿಸಿಕೊಂಡಿದ್ದೆ.

ಮಾರ್ಜಿನ್‌ಗಳು, ಅಂದರೆ ಪೆಟ್ಟಿಗೆಗಳ ಹೊರಗಿನ ಖಾಲಿ ಅಂತರಗಳು, ಒಂದರೊಳಗೊಂದು ಸೇರಿಹೋಗುವ ವಿಚಾರವನ್ನೂ ಚೆನ್ನಾಗಿ ತೋರಿಸಿದರು. ಶೀರ್ಷಿಕೆಯ ಕೆಳಗೆ 24, ಅದರ ಕೆಳಗಿನ ಪ್ಯಾರಾದ ಮೇಲೆ 16 ಕೊಟ್ಟರೆ ನಡುವಿನ ಅಂತರ 40 ಆಗದೆ, ದೊಡ್ಡದಾದ 24 ಮಾತ್ರ ಉಳಿಯುತ್ತದೆ. ಅದೇ ಎರಡನ್ನು, ತುಂಡುಗಳನ್ನು ಅಡ್ಡಲಾಗಿಯೋ ಮೇಲಿಂದ ಕೆಳಗೋ ಸಾಲಾಗಿ ಜೋಡಿಸುವ ಫ್ಲೆಕ್ಸ್ ಪೆಟ್ಟಿಗೆಯೊಳಗೆ ಮೇಲೆ ಕೆಳಗೆ ಇಟ್ಟರೆ 40 ಆಗುತ್ತದೆ. ಇದನ್ನು ಬಾಯಿಪಾಠ ಮಾಡಿಸದೆ, ಎರಡನ್ನೂ ಮಾಡಿಸಿ ಇನ್‌ಸ್ಪೆಕ್ಟರ್‌ನಲ್ಲಿ ಅಳೆಸಿದರು.

ಮೂರನೆಯ ಭಾನುವಾರದಿಂದ ದೂರು ಆರಂಭ. ಪುಟದಲ್ಲಿ ಕಾಲಂಗಳನ್ನು ಜೋಡಿಸುವುದನ್ನು ಫ್ಲೋಟ್‌ನಿಂದ ಆರಂಭಿಸಿ, ಮೂರು ಪೂರ್ತಿ ಭಾನುವಾರ, ಅಂದರೆ ಶುಲ್ಕದ ಶೇಕಡಾ 30ರಷ್ಟನ್ನು, ಅದರ ಮೇಲೆಯೇ ಕಳೆದರು. ಫ್ಲೋಟ್ ಇರುವುದು ಚಿತ್ರದ ಸುತ್ತ ಪಠ್ಯ ಹರಿಯಲಿ ಎಂಬುದಕ್ಕೆ. ಬೇರೆ ಉಪಾಯವಿಲ್ಲದ ಕಾಲದಲ್ಲಿ ಅದರಿಂದಲೇ ಇಡೀ ಪುಟ ಕಟ್ಟುತ್ತಿದ್ದರು, ಆಮೇಲೆ ಕುಸಿದ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಲು ಕ್ಲಿಯರ್‌ಫಿಕ್ಸ್ ಎಂಬ ಊರುಗೋಲು ಕೊಡುತ್ತಿದ್ದರು. ಹೋಕನ್ ವಿಯುಮ್ ಲೀ 1994ರಲ್ಲಿ ಸಿಎಸ್‌ಎಸ್‌ನ ಮೊದಲ ಪ್ರಸ್ತಾವ ಮುಂದಿಟ್ಟು, 1996ರ ಡಿಸೆಂಬರಿನಲ್ಲಿ ಮೊದಲ ಆವೃತ್ತಿ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದಾಗ ಪುಟವನ್ನು ಕಾಲಂಗಳಾಗಿ ಕಟ್ಟುವ ನಿಜವಾದ ಸಾಧನ ಅದರಲ್ಲಿರಲಿಲ್ಲ ಎಂಬುದನ್ನು ಸರ್ ಹೇಳಿದ್ದು ಸರಿ. ಆದರೆ 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಗ್ರಿಡ್, ಅಂದರೆ ಪುಟವನ್ನು ಅಡ್ಡ ಸಾಲು ಮತ್ತು ಕಾಲಂಗಳ ಚೌಕಗಳಾಗಿ ಹಂಚುವ ವಿಧಾನ, ಬಂದಿದೆ, ಫ್ಲೆಕ್ಸ್‌ಬಾಕ್ಸ್ ಅದಕ್ಕಿಂತಲೂ ಹಳೆಯದು. ಹಳೆಯ ಪುಟಗಳನ್ನು ಓದಲು ಫ್ಲೋಟ್ ಗೊತ್ತಿರಬೇಕೆಂಬ ವಾದವನ್ನು ನಾನು ಒಪ್ಪುತ್ತೇನೆ. ಅದಕ್ಕೆ ಅರ್ಧ ದಿನ ಸಾಕು. ಫ್ಲೆಕ್ಸ್‌ಬಾಕ್ಸ್‌ಗೆ ಸಿಕ್ಕಿದ್ದು ಒಂದು ಭಾನುವಾರ, ಗ್ರಿಡ್‌ಗೆ ಸಿಕ್ಕಿದ್ದು ಒಂದೂವರೆ ಗಂಟೆ. ಕೈಯಲ್ಲಿದ್ದ ಮುದ್ರಿತ ಟಿಪ್ಪಣಿ ಹಳೆಯದಾಗಿತ್ತು, ಪಾಠ ಆ ಟಿಪ್ಪಣಿಯನ್ನು ಹಿಂಬಾಲಿಸಿತು. ಕಾರಣ ಅಷ್ಟೇ ಎಂದು ನನ್ನ ಊಹೆ.

ಈ ಕೊರತೆಯನ್ನು ನಾನು ತುಂಬಿಕೊಂಡದ್ದು ದುಡ್ಡಿಲ್ಲದ ದಾರಿಯಿಂದ. ಫ್ಲೆಕ್ಸ್‌ಬಾಕ್ಸ್ ಫ್ರಾಗಿ ಎಂಬ ಆಟದಲ್ಲಿ ಕಪ್ಪೆಗಳನ್ನು ತಾವರೆ ಎಲೆಗಳ ಮೇಲೆ ಕೂರಿಸಬೇಕು. ಕೂರಿಸಲು ಇರುವ ಉಪಾಯ ಸಿಎಸ್‌ಎಸ್‌ನ ಸಾಲು ಬರೆಯುವುದೊಂದೇ. 24 ಹಂತಗಳಿವೆ. ಗ್ರಿಡ್ ಗಾರ್ಡನ್ ಅದರ ಜೊತೆಯದು, 28 ಹಂತಗಳು, ಕ್ಯಾರೆಟ್ ಪಾತಿಗೆ ನೀರು ಬಿಡುವ ಆಟ. ನಲವತ್ತು ದಾಟಿದವನು ರಾತ್ರಿ ಹನ್ನೊಂದಕ್ಕೆ ಕಪ್ಪೆ ಕೂರಿಸುವುದನ್ನು ನೋಡಿ ಮನೆಯವರು ನಕ್ಕರು; ಆದರೆ ಜಸ್ಟಿಫೈ-ಕಂಟೆಂಟ್ ಮುಖ್ಯ ಅಕ್ಷದ ಮೇಲೆ ಕೆಲಸ ಮಾಡುತ್ತದೆ, ಅಲೈನ್-ಐಟಮ್ಸ್ ಅದಕ್ಕೆ ಅಡ್ಡಲಾದ ಅಕ್ಷದ ಮೇಲೆ, ಮತ್ತು ದಿಕ್ಕನ್ನು ಕಾಲಂಗೆ ತಿರುಗಿಸಿದ ಕೂಡಲೇ ಎರಡೂ ಅದಲುಬದಲಾಗುತ್ತವೆ ಎಂಬ ಮಾತು ತರಗತಿಯಲ್ಲಿ ಕೇಳಿ ಮರೆತುಹೋಗಿತ್ತು, ಕಪ್ಪೆಗಳಿಂದ ಕೈಗೆ ಹತ್ತಿತು. ಒಂದು ಗುಣಕ್ಕೆ ಕೊಡಬಹುದಾದ ಎಲ್ಲ ಮೌಲ್ಯಗಳನ್ನೂ ನೋಡಬೇಕಾದಾಗ ಮೊಜಿಲ್ಲಾದ ಎಂಡಿಎನ್ ಎಂಬ ಉಲ್ಲೇಖ ತಾಣ ತೆರೆದೆ. ಅದು ಇಂಗ್ಲಿಷಿನಲ್ಲಿದೆ, ಓದಲು ತಾಳ್ಮೆ ಬೇಕು, ಆದರೂ ತರಗತಿಯ ಟಿಪ್ಪಣಿಗಿಂತ ಹತ್ತು ಪಾಲು ಮೇಲು.

ಭಾವನ ಮೆನುವಿನ ಬೆನ್ನೆಲುಬು ಹೀಗೆ ಸಿದ್ಧವಾಯಿತು. ತಿಂಡಿಯ ಹೆಸರು ಎಡಕ್ಕೆ, ಬೆಲೆ ಬಲಕ್ಕೆ, ನಡುವೆ ಹಳೆಯ ಬೋರ್ಡುಗಳಲ್ಲಿರುವಂತೆ ಚುಕ್ಕಿಯ ಸಾಲು. ಮೂರು ತುಂಡುಗಳನ್ನು ಒಂದು ಫ್ಲೆಕ್ಸ್ ಸಾಲಿನಲ್ಲಿಟ್ಟು, ನಡುವಿನ ಖಾಲಿ ತುಂಡಿಗೆ ಉಳಿದ ಜಾಗವನ್ನೆಲ್ಲ ತಿನ್ನಲು ಹೇಳಿ, ಅದರ ಕೆಳಗೆ ಚುಕ್ಕಿಯ ಬಾರ್ಡರ್ ಎಳೆದರೆ ಕೆಲಸವಾಯಿತು. ಸಾಲನ್ನು ನಡುಮಧ್ಯಕ್ಕೆ ಹೊಂದಿಸದೆ ಬೇಸ್‌ಲೈನ್‌ಗೆ, ಅಂದರೆ ಅಕ್ಷರಗಳು ಕೂರುವ ಗೆರೆಗೆ, ಹೊಂದಿಸಬೇಕು, ಇಲ್ಲವಾದರೆ ಕನ್ನಡದ ಹೆಸರೂ ಬೆಲೆಯ ಅಂಕಿಯೂ ಒಂದೇ ಗೆರೆಯ ಮೇಲೆ ಕೂರುವುದಿಲ್ಲ. ಈ ವಿಭಾಗಗಳನ್ನು, ಅಂದರೆ ದೋಸೆ, ಬನ್ಸ್ ಗೋಳಿಬಜೆಯ ಸಂಜೆ ತಿಂಡಿ, ಊಟ, ಪಾನೀಯ ಮುಂತಾದವನ್ನು, ಗ್ರಿಡ್‌ನಲ್ಲಿ ಇಟ್ಟು, ಕಾಲಂ ಕನಿಷ್ಠ 220 ಪಿಕ್ಸೆಲ್ ಇರಲಿ, ಉಳಿದದ್ದನ್ನು ಸಮನಾಗಿ ಹಂಚಿಕೊಳ್ಳಲಿ, ಎಷ್ಟು ಹಿಡಿಸುತ್ತವೋ ಅಷ್ಟು ಬರಲಿ ಎಂದು ಒಂದೇ ಸಾಲಿನಲ್ಲಿ ಬರೆದೆ. ಅಂಚಿಗೆ ಎರಡೂ ಬದಿ 16, ಕಾಲಂಗಳ ನಡುವೆ 16. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಒಂದೇ ಕಾಲಂ, 768ರ ಟ್ಯಾಬ್ಲೆಟ್‌ನಲ್ಲಿ ಮೂರು, ನನ್ನ 1366ರ ಲ್ಯಾಪ್‌ಟಾಪಿನಲ್ಲಿ ಐದು. ಕಾಗದದ ಮೇಲೆ ಕೂಡಿಸಿ ನೋಡಿದಾಗಲೂ ಅಷ್ಟೇ ಬಂತು. ಪರದೆಯ ಅಗಲಕ್ಕೆ ತಕ್ಕಂತೆ ಬೇರೆ ನಿಯಮ ಹೇಳುವ ಮೀಡಿಯಾ ಕ್ವೆರಿಯನ್ನು ಒಂದೂ ಬರೆಯಬೇಕಾಗಲಿಲ್ಲ. ಇದನ್ನು ಒಂದೂವರೆ ಗಂಟೆಯ ಗ್ರಿಡ್ ಪಾಠದಲ್ಲಿ ಸರ್ ಹೇಳಿಕೊಡಲಿಲ್ಲವೆಂದು ನನಗೆ ಈಗಲೂ ಸಂಕಟವಿದೆ.

ಇನ್ನು ತರಗತಿಯ ದೊಡ್ಡ ಕೊರತೆಗೆ ಬರುತ್ತೇನೆ. ಎಲ್ಲ ಅಭ್ಯಾಸಗಳೂ ಲೊರೆಮ್ ಇಪ್ಸಮ್ ಎಂಬ ಅರ್ಥವಿಲ್ಲದ ಲ್ಯಾಟಿನ್ ಪಠ್ಯದ ಮೇಲೆ ನಡೆಯುತ್ತವೆ. ಅದರ ಪದಗಳು ಚಿಕ್ಕವು, ಅಕ್ಷರದ ಕೆಳಗೆ ಒತ್ತುಗಳು ನೇತಾಡುವುದಿಲ್ಲ, ಹೀಗಾಗಿ ಯಾವ ಪೆಟ್ಟಿಗೆಯೂ ಬಿರಿಯುವುದಿಲ್ಲ. ನಾಲ್ಕನೆಯ ವಾರ ನಾನು ಅದೇ ಅಭ್ಯಾಸ ಪುಟಕ್ಕೆ ಭಾವನ ಮೆನುವಿನ ಕನ್ನಡ ಪಠ್ಯವನ್ನು ಹಾಕಿದೆ. ಮೊದಲ ಪೆಟ್ಟು ಪಠ್ಯದಿಂದಲೇ ಬಿತ್ತು. ಮುದ್ರಣಾಲಯದವರು ಕಳಿಸಿದ ಕಡತ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಎನ್‌ಕೋಡಿಂಗ್‌ನಲ್ಲಿತ್ತು. ಪುಟಕ್ಕೆ ಅಂಟಿಸಿದ ಕೂಡಲೇ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಸಾಲುಗಟ್ಟಿದವು. ಇದಕ್ಕೆ ಸಿಎಸ್‌ಎಸ್‌ನಲ್ಲಿ ಮದ್ದಿಲ್ಲ, ಯೂನಿಕೋಡಿಗೆ ತರಲೇಬೇಕು. ಐಟಂ 64 ಇದ್ದವು, ಪರಿವರ್ತಿಸಿ ತಿದ್ದುವುದಕ್ಕಿಂತ ಮತ್ತೆ ಟೈಪ್ ಮಾಡುವುದೇ ಲೇಸೆಂದು ಮಾಡಿದೆ.

ಆಮೇಲೆ ಉಪ್ಪಿಟ್ಟು. ತರಗತಿಯ ಮಾದರಿಯಲ್ಲಿ ಪ್ರತಿ ಸಾಲಿಗೂ ಲೈನ್-ಹೈಟ್ (ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು ಎಂಬುದು) 1, ಪೆಟ್ಟಿಗೆಯಿಂದ ಹೊರಗೆ ಚಾಚಿದ್ದನ್ನು ಮುಚ್ಚಲು ಓವರ್‌ಫ್ಲೋ ಹಿಡನ್ ಎಂದಿತ್ತು. ಇಂಗ್ಲಿಷಿಗೆ ಅದು ಅಚ್ಚುಕಟ್ಟಾಗಿಯೇ ಇತ್ತು. ಕನ್ನಡ ಹಾಕಿದಾಗ ಪ ಅಕ್ಷರದ ಕೆಳಗಿನ ಒತ್ತೂ ಟ ಅಕ್ಷರದ ಕೆಳಗಿನ ಒತ್ತೂ ಪೆಟ್ಟಿಗೆಯ ತಳಕ್ಕೆ ಸಿಕ್ಕಿ ಕತ್ತರಿಸಿಹೋಗಿ, ‘ಉಪ್ಪಿಟ್ಟು’ ಎಂಬುದು ‘ಉಪಿಟು’ ಎಂದು ಓದಿಸಿಕೊಂಡಿತು. ‘ಉತ್ತಪ್ಪ’ ಹೋಗಿ ‘ಉತಪ’ ಆಯಿತು. ಪುಟದ ಅಡಿಯಲ್ಲಿದ್ದ ವಿಳಾಸದಲ್ಲಿ ‘ಮಹಾರಾಷ್ಟ್ರ’ ಎಂಬಲ್ಲಿ ಷಕಾರಕ್ಕೆ ಎರಡು ಒತ್ತು. ಅದರ ಗತಿಯನ್ನು ಹೇಳುವಂತಿಲ್ಲ. ಲೈನ್-ಹೈಟನ್ನು 1.8ಕ್ಕೆ ಏರಿಸಿ, ಓವರ್‌ಫ್ಲೋ ಸಾಲನ್ನು ಅಳಿಸಿದ ಮೇಲೆ ಒತ್ತುಗಳು ಮರಳಿದವು. ಆ 1.8ರ ಹಿಂದೆ ಪಿಕ್ಸೆಲ್ ಅಥವಾ ಶೇಕಡಾ ಎಂಬ ಮಾನ ಹಚ್ಚದೆ ಬರಿಯ ಸಂಖ್ಯೆಯಾಗಿ ಬಿಡಬೇಕೆಂಬುದೂ ಆಗಲೇ ತಿಳಿಯಿತು: ಬರಿಯ ಸಂಖ್ಯೆಯಾದರೆ ಒಳಗಿನ ಪ್ರತಿ ಘಟಕವೂ ತನ್ನ ಅಕ್ಷರದ ಗಾತ್ರಕ್ಕೆ ಅದನ್ನು ಗುಣಿಸಿಕೊಳ್ಳುತ್ತದೆ, ಶೇಕಡಾ ಆದರೆ ಹೊರಗಿನ ಪೆಟ್ಟಿಗೆಯಲ್ಲಿ ಒಮ್ಮೆ ಲೆಕ್ಕವಾದ ಪಿಕ್ಸೆಲ್‌ಗಳೇ ಒಳಗೆ ಇಳಿದುಬಂದು, ದೊಡ್ಡ ಶೀರ್ಷಿಕೆಯ ಎರಡು ಸಾಲುಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ.

ಎರಡನೆಯ ತೊಂದರೆ ಪದಗಳ ಉದ್ದದ್ದು. ಕನ್ನಡ ಸಂಧಿ ಸಮಾಸಗಳ ಭಾಷೆ. ವಿಭಕ್ತಿಯೂ ಪದಕ್ಕೇ ಅಂಟಿಕೊಳ್ಳುತ್ತದೆ. ‘ಸಮಾರಂಭಗಳಿಗಾಗಿಯೂ’ ಎಂದು ಬರೆದರೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದವಾಗುವುದು ಇಲ್ಲಿ ಒಂದೇ ಪದ, ಮತ್ತು ಬ್ರೌಸರ್ ಪದದ ನಡುವೆ ತಾನಾಗಿ ಸಾಲು ಮುರಿಯುವುದಿಲ್ಲ. ಫ್ಲೆಕ್ಸ್ ಪೆಟ್ಟಿಗೆಯೊಳಗಿನ ತುಂಡು ತನ್ನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಒಪ್ಪದ ಕಾರಣ ಇಡೀ ಪುಟವೇ ಫೋನಿನ ಅಗಲ ಮೀರಿ ಪಕ್ಕಕ್ಕೆ ಜಾರತೊಡಗಿತು. ಗ್ರಿಡ್‌ನಲ್ಲೂ ಇದೇ ಕಥೆ. ಒಂದು ಪಾಲು ಎಂದು ಬರೆದ ಕಾಲಂ ಉದ್ದ ಪದ ಬಂದರೆ ತನ್ನ ಪಾಲು ಮೀರಿ ಹಿಗ್ಗುತ್ತದೆ. ಫ್ಲೆಕ್ಸ್‌ನಲ್ಲಿ ಕನಿಷ್ಠ ಅಗಲ ಹೇಳುವ ಮಿನ್-ವಿಡ್ತ್‌ಗೆ ಸೊನ್ನೆ ಕೊಡುವುದೂ, ಓವರ್‌ಫ್ಲೋ-ರ‍್ಯಾಪ್‌ಗೆ ಎನಿವೇರ್ (ಪದ ಎಲ್ಲಿ ಬೇಕಾದರೂ ಒಡೆಯಲಿ) ಎಂದು ಕೊಡುವುದೂ ಪರಿಹಾರಗಳೇ. ಆದರೆ ಆಗ ಬ್ರೌಸರ್ ಸಂಧಿಯ ಜಾಗ ನೋಡದೆ ಎಲ್ಲೆಂದರಲ್ಲಿ ಪದವನ್ನು ತುಂಡು ಮಾಡುತ್ತದೆ. ಉದ್ದ ಪದಗಳಲ್ಲಿ ಎಲ್ಲಿ ಒಡೆಯಬಹುದೆಂದು ಸಾಫ್ಟ್ ಹೈಫನ್ ಇಟ್ಟು ನಾವೇ ಸೂಚಿಸುವುದು ಲೇಸು. ಮೆನುವಿನಲ್ಲಿ ಅಂಥ ಪದ ಒಂಬತ್ತೋ ಹತ್ತೋ ಇದ್ದವು, ಕೈಯಿಂದಲೇ ಮಾಡಿದೆ.

ಉಳಿದ ಚಿಕ್ಕಪುಟ್ಟ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಶೀರ್ಷಿಕೆಯನ್ನು ದೊಡ್ಡಕ್ಷರಕ್ಕೆ ತಿರುಗಿಸುವ ಟೆಕ್ಸ್ಟ್-ಟ್ರಾನ್ಸ್‌ಫಾರ್ಮ್ ಕನ್ನಡದ ಮೇಲೆ ನಡೆಯುವುದಿಲ್ಲ, ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ. ಇಟಾಲಿಕ್ ರೂಪವಿಲ್ಲದ ಫಾಂಟಿಗೆ ಇಟಾಲಿಕ್ ಕೇಳಿದರೆ ಬ್ರೌಸರ್ ನೇರ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ. ನಾನು ಬಳಸಿದ ನೋಟೋ ಸ್ಯಾನ್ಸ್ ಕನ್ನಡದಲ್ಲಿ ಇಟಾಲಿಕ್ ಇಲ್ಲ, ತಿರೋ ಕನ್ನಡದಲ್ಲಿ ಇದೆ. ಫಾಂಟುಗಳ ಪಟ್ಟಿಯಲ್ಲಿ ಇಂಗ್ಲಿಷ್ ಫಾಂಟನ್ನು ಮೊದಲಿಟ್ಟರೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಬ್ರೌಸರ್ ಅದರಿಂದ ತೆಗೆದುಕೊಂಡು, ಕನ್ನಡದ ಅಕ್ಷರ ಬಂದಾಗ ಮಾತ್ರ ಮುಂದಿನ ಫಾಂಟಿಗೆ ಹೋಗುತ್ತದೆ. ಪಟ್ಟಿಗೆ ಲಿಸ್ಟ್-ಸ್ಟೈಲ್-ಟೈಪ್‌ನಲ್ಲಿ ಕನ್ನಡ ಎಂದು ಕೊಟ್ಟರೆ ೧, ೨, ೩ ಎಂದು ಎಣಿಕೆ ಬರುತ್ತದೆ. ಇದನ್ನು ಕಂಡ ದಿನ ನನಗಾದ ಸಂತೋಷ ಎಂಟು ಸಾವಿರದಲ್ಲಿ ಒಂದೈನೂರರಷ್ಟಾದರೂ ಇದ್ದೀತು, ಆದರೆ ಆ ಐನೂರು ಎಂಡಿಎನ್‌ಗೆ ಸಲ್ಲಬೇಕು.

ಕನ್ನಡದ ಈ ತಾಪತ್ರಯಗಳನ್ನು ಸರ್ ಮುಂದೆ ಇಟ್ಟಾಗ ಅವರು ಮುಚ್ಚುಮರೆಯಿಲ್ಲದೆ, ತಾವು ಎಂದೂ ಇಂಗ್ಲಿಷ್ ಬಿಟ್ಟು ಬೇರೆ ಪಠ್ಯದ ಮೇಲೆ ಪಾಠ ಮಾಡಿಲ್ಲವೆಂದರು. ಅವರು ಮರಾಠಿಯವರು. ಅಲ್ಲೇ ಕುಳಿತು ಮರಾಠಿಯ ಒಂದು ಶೀರ್ಷಿಕೆ ಬರೆದು, ಅಕ್ಷರಗಳ ನಡುವಿನ ಅಂತರಕ್ಕೆ ಎರಡು ಪಿಕ್ಸೆಲ್ ಕೊಟ್ಟರು. ದೇವನಾಗರಿಯ ತಲೆಗೆರೆ ಅಲ್ಲಲ್ಲಿ ಕಡಿದು ಹಲ್ಲು ಬಿದ್ದ ಬಾಚಣಿಗೆಯಂತಾಯಿತು. ನಮ್ಮ ಕಷ್ಟ ಅಕ್ಷರದ ಕೆಳಗೆ, ಅವರ ಕಷ್ಟ ಅಕ್ಷರದ ಮೇಲೆ. ಆ ಹತ್ತು ನಿಮಿಷ ಇಡೀ ತರಗತಿ ಮೊಬೈಲು ಕೆಳಗಿಟ್ಟು ನೋಡಿತು. ಯಾರೋ ಗುಜರಾತಿ ಹಾಕಿ ನೋಡಿದರು, ತಲೆಗೆರೆಯೇ ಇಲ್ಲದ ಲಿಪಿಗೆ ಆ ಅಂತರದಿಂದ ಅಷ್ಟು ನಷ್ಟವಾಗಲಿಲ್ಲ. ಮುಂಬಯಿಯ ಒಂದು ಕೋಣೆಯಲ್ಲಿ ನಾಲ್ಕು ಲಿಪಿಗಳನ್ನು ಓದಬಲ್ಲವರು ಕುಳಿತಿರುವಾಗ ಹತ್ತೂ ವಾರ ಲ್ಯಾಟಿನ್ ಪಠ್ಯವನ್ನೇ ಉಣಬಡಿಸುವುದು ನಷ್ಟವೆಂದು ನಾನು ಕೊನೆಯ ದಿನದ ಅಭಿಪ್ರಾಯ ಪತ್ರದಲ್ಲಿ ಬರೆದುಕೊಟ್ಟೆ. ಪುಟದ ಭಾಷೆಯನ್ನು ಲ್ಯಾಂಗ್ ಎಂಬ ಗುರುತಿನಿಂದ ಸಾರಿ, ಕನ್ನಡದ ತುಂಡುಗಳಿಗೆ ಒಂದು ಲೈನ್-ಹೈಟ್, ಮರಾಠಿಯ ತುಂಡುಗಳಿಗೆ ಇನ್ನೊಂದು ಎಂದು ಹಂಚುವ ಉಪಾಯವನ್ನು ಮಾತ್ರ ಅದೇ ದಿನ ಸರ್ ಹುಡುಕಿ ಕೊಟ್ಟರು. ಅದು ನನ್ನ ಪುಟದಲ್ಲಿ ಇಂದಿಗೂ ಇದೆ.

ಮನೆಗೆಲಸ ತಿದ್ದುವ ಪದ್ಧತಿ ಸರಿಯಿಲ್ಲ. ಪುಟದ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು, ಸರ್ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಲೆಕ್ಕಪರಿಶೋಧಕ ವೋಚರು ನೋಡದೆ ಬ್ಯಾಲೆನ್ಸ್ ಶೀಟಿನ ಫೋಟೋಕ್ಕೆ ಸಹಿ ಹಾಕಿದಂತೆ ಇದು. ಚಿತ್ರದಲ್ಲಿ ಚೆಂದ ಕಾಣುವ ಪುಟದ ಒಳಗೆ ಎಲ್ಲ ಸಾಲಿಗೂ ಇಂಪಾರ್ಟೆಂಟ್ ಎಂದು, ಅಂದರೆ ಉಳಿದವನ್ನು ಮೀರಿ ಇದೇ ನಡೆಯಲಿ ಎಂಬ ಗುರುತನ್ನು, ಹಚ್ಚಿರಬಹುದು. ನಾನೇ ಹಚ್ಚಿದ್ದೆ. ಐಡಿಯಿಂದ (ಒಂದೇ ಘಟಕಕ್ಕೆ ಇಟ್ಟ ಹೆಸರಿನಿಂದ) ಹಿಡಿದ ನಿಯಮ ಕ್ಲಾಸಿನಿಂದ (ಹಲವು ಘಟಕಗಳಿಗೆ ಇಡಬಹುದಾದ ಹೆಸರಿನಿಂದ) ಹಿಡಿದ ನಿಯಮಕ್ಕಿಂತ, ಅದು ಬರಿಯ ಟ್ಯಾಗಿನಿಂದ ಹಿಡಿದ ನಿಯಮಕ್ಕಿಂತ ಬಲಶಾಲಿ ಎಂಬ ತಾರತಮ್ಯ ಅರ್ಥವಾಗದೆ, ಕೇಳದ ಕಡೆಯೆಲ್ಲ ಇಂಪಾರ್ಟೆಂಟ್ ಬರೆದು, ಕೊನೆಗೆ ಎಲ್ಲವೂ ಇಂಪಾರ್ಟೆಂಟ್ ಆಗಿ ಯಾವುದೂ ಮಾತು ಕೇಳದ ಸ್ಥಿತಿಗೆ ಬಂದಿತ್ತು. ಹೆಬ್ಬೆರಳು ಮಾತ್ರ ಸಿಕ್ಕಿತ್ತು.

ಸ್ಕ್ರೀನ್‌ಶಾಟ್ ಏನನ್ನು ಮುಚ್ಚಿಡುತ್ತದೆಂದು ಗೊತ್ತಾದದ್ದು ಭಾಂಡುಪ್‌ನ ಗಲ್ಲೆಯ ಮುಂದೆ. ಒಂಬತ್ತನೆಯ ವಾರದ ಬಳಿಕ ಪುಟವನ್ನು ಭಾವನ ಫೋನಿನಲ್ಲಿ ತೆರೆದೆ. ಅವರಿಗೆ ಕನ್ನಡಕ ಹಾಕುವುದು ಬೇಸರ, ಆದ್ದರಿಂದ ಫೋನಿನ ಅಕ್ಷರವನ್ನೇ ದೊಡ್ಡದು ಮಾಡಿಟ್ಟಿದ್ದಾರೆ. ಶೀರ್ಷಿಕೆಗಳಿಗೆ ನಾನು ಪಿಕ್ಸೆಲ್ ಲೆಕ್ಕದಲ್ಲಿ ಗಾತ್ರ ಕೊಟ್ಟಿದ್ದೆ, ಐಟಂಗಳಿಗೆ ರೆಮ್ ಲೆಕ್ಕದಲ್ಲಿ. ರೆಮ್ ಎಂಬುದು ಓದುವವರು ಆರಿಸಿಕೊಂಡ ಮೂಲ ಗಾತ್ರವನ್ನು ಹಿಂಬಾಲಿಸುತ್ತದೆ, ಅದು ಸಾಮಾನ್ಯವಾಗಿ 16 ಪಿಕ್ಸೆಲ್. ಹೀಗಾಗಿ ಅವರ ಫೋನಿನಲ್ಲಿ ಐಟಂಗಳು ಶೀರ್ಷಿಕೆಗಿಂತ ದೊಡ್ಡದಾಗಿ ಕುಳಿತವು. ಅದಕ್ಕಿಂತ ಘೋರವೆಂದರೆ, ತರಗತಿಯ ಮಾದರಿಯಂತೆ ಪ್ರತಿ ವಿಭಾಗದ ಪೆಟ್ಟಿಗೆಗೂ ನಿಶ್ಚಿತ ಎತ್ತರ ಕೊಟ್ಟು, ಎಲ್ಲೋ ಮರೆತು ಉಳಿದಿದ್ದ ಓವರ್‌ಫ್ಲೋ ಹಿಡನ್‌ನಿಂದಾಗಿ ಸಂಜೆ ತಿಂಡಿಯ ಪೆಟ್ಟಿಗೆಯ ಕೊನೆಯ ಎರಡು ಸಾಲುಗಳು ಮಾಯವಾಗಿದ್ದವು. ಭಾವ ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿ, “ಎಂಟು ಸಾವಿರ ಕೊಟ್ಟು ಕಲಿತು ನಮ್ಮ ಗೋಳಿಬಜೆಯನ್ನೇ ತೆಗೆದುಬಿಟ್ಟೆಯಲ್ಲ ಮಾರಾಯ” ಎಂದರು. ಹಿಂದೆ ನಿಂತಿದ್ದ ಮಾಣಿ ಬಾಯಿಗೆ ಬಟ್ಟೆ ಅಡ್ಡ ಹಿಡಿದ. ಎತ್ತರ ಎಂಬುದನ್ನು ಕನಿಷ್ಠ ಎತ್ತರ ಎಂದು ಬದಲಿಸಿ, ಪಿಕ್ಸೆಲ್‌ಗಳನ್ನೆಲ್ಲ ರೆಮ್‌ಗೆ ತಿರುಗಿಸಿದ ಮೇಲೆ ಗೋಳಿಬಜೆ ಬಂತು.

ಸರ್ಟಿಫಿಕೇಟಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಚಿನ್ನದ ಬಣ್ಣದ ಅಂಚಿದೆ, ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ಕೋಣೆಯಲ್ಲಿ 14 ಯಂತ್ರಗಳಿಗೆ 19 ಮಂದಿ, ಹೀಗಾಗಿ ಸ್ವಂತ ಲ್ಯಾಪ್‌ಟಾಪ್ ಒಯ್ಯುವುದು ಉತ್ತಮ. ಪಾಠ ಹಿಂದಿ ಮರಾಠಿ ಇಂಗ್ಲಿಷುಗಳ ಮಿಶ್ರಣದಲ್ಲಿ ನಡೆಯುತ್ತದೆ. ಮುಂಬಯಿಯಲ್ಲಿ ಬೆಳೆದವರಿಗೆ ಅದೇನೂ ತೊಡಕಲ್ಲ, ಊರಿನಿಂದ ಈಚೆಗೆ ಬಂದ ಹುಡುಗರಿಗೆ ಮೊದಲ ವಾರ ಕಷ್ಟವಾದೀತು.

ನಾನು ಕೊಟ್ಟ 8,000ದಲ್ಲಿ ಮೊದಲ ಎರಡು ಭಾನುವಾರಗಳೂ, ಕೊನೆಯ ಎರಡು ಭಾನುವಾರಗಳ ಪ್ರಶ್ನೋತ್ತರವೂ ಪೂರ್ತಿ ವಸೂಲಾದವು. ಏಳು ಎಂಟನೆಯ ವಾರಗಳಲ್ಲಿ ಕಲಿಸಿದ ಬಣ್ಣ, ನೆರಳು, ಟ್ರಾನ್ಸಿಷನ್ ಮುಂತಾದವನ್ನು ಯಾರಾದರೂ ಒಂದು ಸಂಜೆ ಮನೆಯಲ್ಲೇ ಕಲಿಯಬಹುದು. ಫ್ಲೋಟ್‌ನ ಮೂರು ಭಾನುವಾರಗಳನ್ನು ನಾನು ನಷ್ಟದ ಖಾತೆಗೆ ಬರೆದಿದ್ದೇನೆ. ತಾನಾಗಿ ಕುಳಿತು ಕಲಿಯುವ ಶಿಸ್ತುಳ್ಳವರಿಗೆ ಈ ತರಗತಿ ಬೇಕಿಲ್ಲ, ಕಪ್ಪೆ ಮತ್ತು ಕ್ಯಾರೆಟ್ ಸಾಕು. ತಪ್ಪನ್ನು ಪಕ್ಕದಲ್ಲಿ ಕುಳಿತು ತೋರಿಸುವವರು ಬೇಕೆನ್ನುವವರು ಹೋಗಬಹುದು. ಹೋಗುವ ಮುನ್ನ ಪಾಠಪಟ್ಟಿಯಲ್ಲಿ ಗ್ರಿಡ್‌ಗೆ ಎಷ್ಟು ಗಂಟೆ ಎಂದು ಕೇಳಿ, ಮೊದಲ ದಿನವೇ ಸ್ವಂತ ಭಾಷೆಯ ಒಂದು ಪುಟ ಪಠ್ಯವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಲೊರೆಮ್ ಇಪ್ಸಮ್ ಬದಲಿಗೆ ಅದನ್ನೇ ಬಳಸುತ್ತೇನೆಂದು ಹೇಳಿಬಿಡಬೇಕು. ಶುಲ್ಕವನ್ನು ಎರಡು ಕಂತಿನಲ್ಲಿ ಕೊಡುತ್ತೇನೆಂದರೆ ಒಪ್ಪುತ್ತಾರೆ, ನಾನು ಕೇಳಿರಲಿಲ್ಲ.

ಮುಲುಂಡ್ ಕಡೆಯಿಂದ ಹೋಗುವವರಿಗೆ ಒಂದು ಸೂಚನೆ: ಭಾನುವಾರ ಮಧ್ಯ ರೈಲ್ವೆಯ ಮೆಗಾಬ್ಲಾಕ್ (ದುರಸ್ತಿಗಾಗಿ ಕೆಲವು ಗಂಟೆ ಹಳಿ ಮುಚ್ಚುವುದು) ಇದ್ದ ದಿನ ಹೋಗುವಾಗ ಏನೂ ಗೊತ್ತಾಗುವುದಿಲ್ಲ, ಒಂದು ಗಂಟೆಗೆ ತರಗತಿ ಬಿಟ್ಟು ಪ್ಲಾಟ್‌ಫಾರ್ಮಿಗೆ ಬಂದಾಗ ಗಾಡಿಗಳು ತಡವಾಗಿ, ತುಂಬಿಕೊಂಡು ಬರುತ್ತವೆ. ಹತ್ತರಲ್ಲಿ ನಾಲ್ಕು ವಾರ ನಾನು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದು, ಆ ದಿನದ ಪಾಠವನ್ನು ಉಪ್ಪಿಟ್ಟಿನ ಮೇಲೆ ಇನ್ನೊಮ್ಮೆ ಪ್ರಯೋಗಿಸಿ ನೋಡಿದೆ.